ಸಾವಿರ ಪುಟದ ಜಗಳ: ಓದಿದವರೆಷ್ಟು, ಒದರಿದವರೆಷ್ಟು?

ಮೊದಲೇ ಹೇಳಿಬಿಡ್ತೀನಿ, ಇದು ಪುಸ್ತಕ ವಿಮರ್ಶೆ ಅಲ್ಲ. ಜಗಳ. ಡೇವಿಡ್ ಫಾಸ್ಟರ್ ವಾಲೇಸ್ ಅನ್ನೋ ಅಮೆರಿಕದ ಲೇಖಕನ "ಇನ್ಫೈನೈಟ್ ಜೆಸ್ಟ್" ಕಾದಂಬರಿ 1996ರ ಫೆಬ್ರವರಿಯಲ್ಲಿ ಬಂತು. ಆವತ್ತಿನಿಂದ ಇವತ್ತಿನವರೆಗೂ ಅದರ ಓದುಗರು ಎರಡು ಪಾಳಯ ಮಾಡಿಕೊಂಡು ಹೊಡೆದಾಡ್ತಾನೇ ಇದ್ದಾರೆ. ಒಬ್ಬರಿಗೆ ಅದು ಶತಮಾನದ ಮಹಾಕೃತಿ. ಇನ್ನೊಬ್ಬರಿಗೆ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಡೋಕೆ ಮಾತ್ರ ಲಾಯಕ್ಕಾದ ಇಟ್ಟಿಗೆ. ನನ್ನ ತಕರಾರು ಇರೋದು ಇಬ್ಬರ ಮೇಲೂ. ಯಾಕಂದ್ರೆ ಇಷ್ಟು ವರ್ಷದ ಈ ಜಗಳದಲ್ಲಿ ಅತಿ ಕಮ್ಮಿ ಮಾತಾಡಿರೋ ವಿಷಯ ಅಂದ್ರೆ ಆ ಪುಸ್ತಕವೇ!

ಪುಸ್ತಕದ ಹೆಸರು ಕೇಳಿಲ್ಲದವರಿಗೆ ನಾಲ್ಕು ಮಾತು. ಮೊದಲ ಮುದ್ರಣದಲ್ಲಿ 1079 ಪುಟ. ಅದರಲ್ಲಿ ಕಥೆ 981 ಪುಟಕ್ಕೆ ಮುಗಿಯುತ್ತೆ (ಮುಗಿಯುತ್ತೆ ಅನ್ನೋ ಮಾತು ಇಲ್ಲಿ ಸ್ವಲ್ಪ ಧಾರಾಳ ಆಯ್ತು, ಆಮೇಲೆ ಹೇಳ್ತೀನಿ). ಉಳಿದದ್ದು 388 ಕೊನೆಟಿಪ್ಪಣಿಗಳು. ಕೆಲವು ಟಿಪ್ಪಣಿ ಒಂದು ಸಾಲು, ಕೆಲವು ಒಂದು ಅಧ್ಯಾಯದಷ್ಟು ಉದ್ದ. ಬಾಸ್ಟನ್ ಪಕ್ಕದಲ್ಲಿ ಒಂದು ಗುಡ್ಡ. ಗುಡ್ಡದ ಮೇಲೆ ಟೆನಿಸ್ ಕಲಿಸೋ ವಸತಿಶಾಲೆ. ಕೆಳಗೆ ಕುಡಿತ, ಮಾದಕ ವಸ್ತು ಬಿಡೋಕೆ ಒದ್ದಾಡ್ತಿರೋ ಜನ ಇರೋ ಒಂದು ಮನೆ. ಮೇಲಿನ ಶಾಲೆಯಲ್ಲಿ ಹ್ಯಾಲ್ ಅನ್ನೋ ಹುಡುಗ: ಟೆನಿಸ್ಸಿನಲ್ಲಿ ಜಾಣ, ಇಡೀ ನಿಘಂಟು ಬಾಯಿಪಾಠ, ಕದ್ದುಮುಚ್ಚಿ ಗಾಂಜಾ. ಕೆಳಗಿನ ಮನೆಯಲ್ಲಿ ಡಾನ್ ಗೇಟ್ಲಿ: ಮಾಜಿ ಕಳ್ಳ, ನೋವುನಿವಾರಕ ಮಾದಕಕ್ಕೆ ದಾಸನಾಗಿದ್ದು ಈಗ ಬಿಟ್ಟವನು. ಇವರಿಬ್ಬರ ನಡುವೆ ಒಂದು ಸಿನಿಮಾ ಕ್ಯಾಸೆಟ್ಟು. ಅದನ್ನ ಒಮ್ಮೆ ನೋಡೋಕೆ ಶುರು ಮಾಡಿದವರು ಊಟ ನಿದ್ದೆ ಬಿಟ್ಟು ನೋಡ್ತಾನೇ ಸಾಯ್ತಾರೆ, ಅಷ್ಟು ಮಜಾ. ಕ್ಯಾಲೆಂಡರಿನ ವರ್ಷಗಳನ್ನೇ ಕಂಪನಿಗಳಿಗೆ ಮಾರಿರೋ ಕಾಲ. ದೊಡ್ಡವರ ಡೈಪರ್ ಹೆಸರಲ್ಲಿ ಒಂದು ವರ್ಷ ಅಂದ್ರೆ ನೋಡಿ!

ಇದಕ್ಕೆ ಆಧುನಿಕೋತ್ತರ ಅನ್ನೋ ಚೀಟಿ ಅಂಟಿಸಿದ್ದಾರೆ. ತಮಾಷೆ ಅಂದ್ರೆ, ಆ ಚೀಟಿಯ ಜೊತೆ ಲೇಖಕನದೇ ಜಗಳ ಇತ್ತು. ಎಲ್ಲದರ ಮೇಲೂ ವ್ಯಂಗ್ಯ ಮಾಡೋದು ಒಂದು ಕಾಲಕ್ಕೆ ಆಯುಧವಾಗಿತ್ತು, ಈಗ ಅದನ್ನ ಟೀವಿ ಜಾಹೀರಾತುಗಳೇ ನುಂಗಿಕೊಂಡಿವೆ, ಇನ್ನು ಅದರಿಂದ ಏನೂ ಪ್ರಯೋಜನ ಇಲ್ಲ ಅಂತ ವಾಲೇಸ್ 1993ರಲ್ಲೇ ಒಂದು ದೀರ್ಘ ಪ್ರಬಂಧ ಬರೆದಿದ್ದ. ಮೂರು ವರ್ಷದ ಮೇಲೆ ಬಂದ ಈ ಕಾದಂಬರಿ ಆ ಮಾತಿನ ಪರೀಕ್ಷೆ. ಆಧುನಿಕೋತ್ತರದ ಎಲ್ಲ ವೇಷ ಹಾಕಿಕೊಂಡು, ಒಳಗೆ ಒಬ್ಬ ಕುಡುಕ ಇವತ್ತೊಂದು ದಿನ ಕುಡಿಯದೆ ಹೇಗೆ ಇರ್ತಾನೆ ಅನ್ನೋ ಸಾದಾ ಪ್ರಶ್ನೆ ಕೇಳುತ್ತೆ.

ಈಗ ಜಗಳಕ್ಕೆ ಬರೋಣ. ಮೂರು ಗುಂಪು ಇದಾವೆ. ಒಂದೊಂದಾಗಿ ವಿಚಾರಿಸಿಕೊಳ್ತೀನಿ.

ಮೊದಲನೆಯವರು ಗುಡ್ಡ ಹತ್ತಿದವರು. ಇವರ ಪಾಲಿಗೆ ಪುಸ್ತಕ ಮುಗಿಸಿದ್ದೇ ಸಾಧನೆ. "ಓದಿದ್ರಾ?" ಅಂತ ಕೇಳ್ತಾರೆ, "ಹೇಗಿತ್ತು?" ಅಂತ ಕೇಳೋದಿಲ್ಲ. ಉದ್ದ ಇದೆ, ಕಷ್ಟ ಇದೆ, ಆದ್ದರಿಂದ ದೊಡ್ಡದು ಅನ್ನೋದು ಇವರ ತರ್ಕ. ನಿಮಗೆ ಹಿಡಿಸಲಿಲ್ಲ ಅಂದ್ರೆ ನಿಮ್ಮ ದಮ್ಮು ಸಾಲಲಿಲ್ಲ ಅಂತ ಅರ್ಥ. ಈ ಮನೋಭಾವಕ್ಕೆ ಅಚ್ಚಾದ ಉದಾಹರಣೆ ಬೇಕಿದ್ರೆ 2006ರ ಹತ್ತನೇ ವರ್ಷದ ಆವೃತ್ತಿಗೆ ಡೇವ್ ಎಗ್ಗರ್ಸ್ ಬರೆದ ಮುನ್ನುಡಿ ನೋಡಿ. ಒಂದು ತಿಂಗಳ ಕಸರತ್ತು ಮಾಡಿದ ಹಾಗೆ ನಿಮ್ಮ ಮಿದುಳು ಗಟ್ಟಿಯಾಗುತ್ತೆ, ನೀವು ಇನ್ನಷ್ಟು ಒಳ್ಳೆಯವರಾಗ್ತೀರಿ ಅನ್ನೋ ಧಾಟಿ. ಇದೇ ಎಗ್ಗರ್ಸ್ 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದರಲ್ಲಿ ಇದೇ ಪುಸ್ತಕಕ್ಕೆ, ಅತಿ ಉದ್ದ, ಲೇಖಕನ ಸ್ವಂತ ಚಪಲಕ್ಕೆ ಬರೆದದ್ದು ಅನ್ನೋ ಅರ್ಥದಲ್ಲಿ ಚೆನ್ನಾಗಿ ಚುಚ್ಚಿದ್ದರು.

ಅಭಿಪ್ರಾಯ ಬದಲಾಯಿಸಿಕೊಳ್ಳೋದು ತಪ್ಪಲ್ಲ ಬಿಡಿ. ಹತ್ತು ವರ್ಷದಲ್ಲಿ ಮನುಷ್ಯ ಬದಲಾಗ್ತಾನೆ, ಓದೂ ಬದಲಾಗುತ್ತೆ. ನನಗೆ ಕಸಿವಿಸಿ ಆಗೋದು ಬೇರೆ ಕಾರಣಕ್ಕೆ. 1996ರ ಆಕ್ಷೇಪಣೆಗಳಿಗೆ 2006ರ ಮುನ್ನುಡಿಯಲ್ಲಿ ಉತ್ತರ ಸಿಗೋದಿಲ್ಲ. ಉದ್ದ ಹಾಗೇ ಇದೆ, ಅಡ್ಡದಾರಿಗಳೂ ಹಾಗೇ ಇವೆ. ಅವು ಯಾಕೆ ಈಗ ದೋಷ ಅಲ್ಲ ಅನ್ನೋದನ್ನ ಹೇಳೋ ಬದಲು, ಓದಿದರೆ ನಿಮಗೆ ಒಳ್ಳೇದು ಅಂತ ಹೇಳಿದರೆ, ಅದು ಹಾಗಲಕಾಯಿ ತಿನ್ನಿಸೋ ಅಮ್ಮನ ಮಾತಾಯ್ತೇ ಹೊರತು ವಿಮರ್ಶೆ ಆಗಲಿಲ್ಲ. ಕಾದಂಬರಿ ಗರಡಿಮನೆ ಅಲ್ಲ ಸ್ವಾಮೀ.

ಎರಡನೆಯವರು ತೂಕ ನೋಡಿ ಓಡಿದವರು. "ಇಷ್ಟು ಉದ್ದ ಯಾಕೆ ಬೇಕಿತ್ತು?" ಅನ್ನೋರು. ಈ ಪ್ರಶ್ನೆ ನ್ಯಾಯವಾದದ್ದೇ. ನ್ಯೂಯಾರ್ಕ್ ಟೈಮ್ಸಿನಲ್ಲಿ ಮಿಚಿಕೋ ಕಾಕುತಾನಿ 1996ರಲ್ಲಿ ಇದನ್ನೇ ಕೇಳಿದ್ದರು. ವಾಲೇಸನ ಪ್ರತಿಭೆಯನ್ನ ಮನಸಾರೆ ಒಪ್ಪಿಕೊಂಡು, ಆದರೆ ದೊಡ್ಡದಿದ್ದಷ್ಟೂ ಒಳ್ಳೆಯದು ಅನ್ನೋ ನಂಬಿಕೆಯ ಮೇಲೆ ಬರೆದ ಹಾಗಿದೆ ಅಂದರು. ಓದಿ, ಕಾರಣ ಕೊಟ್ಟು ಹೇಳಿದ ಮಾತು ಅದು, ಅದಕ್ಕೆ ನನ್ನ ನಮಸ್ಕಾರ. ಆದರೆ ಹೆರಾಲ್ಡ್ ಬ್ಲೂಮ್ ಅನ್ನೋ ಮಹಾಪಂಡಿತರು 2011ರಲ್ಲಿ ಒಂದು ಸಂದರ್ಶನದಲ್ಲಿ ಏನಂದ್ರು ಗೊತ್ತಾ? ಈ ಮನುಷ್ಯನಿಗೆ ಯೋಚಿಸೋಕೆ ಬರೋದಿಲ್ಲ, ಬರೆಯೋಕೆ ಬರೋದಿಲ್ಲ, ಪ್ರತಿಭೆಯ ಸುಳಿವೇ ಇಲ್ಲ ಅಂತ. ಅಷ್ಟೇ. ಯಾವ ಪುಟ, ಯಾವ ವಾಕ್ಯ, ಏನೂ ಇಲ್ಲ. (ಕಾದಂಬರಿಯ ಒಂದು ಕೊನೆಟಿಪ್ಪಣಿಯಲ್ಲಿ ಬ್ಲೂಮರ ಪುಸ್ತಕಗಳನ್ನ ವಾಲೇಸ್ ಸಣ್ಣಗೆ ಗೇಲಿ ಮಾಡಿದ್ದಾನೆ. ಅಷ್ಟು ದೂರ ಓದಿದ್ದರೋ ಏನೋ! :-) )

ಇದೇನೂ ಹೊಸ ಕಾಯಿಲೆ ಅಲ್ಲ. ಥಾಮಸ್ ಪಿಂಚನ್‌ನ "ಗ್ರಾವಿಟೀಸ್ ರೇನ್‌ಬೋ" 1973ರಲ್ಲಿ ಬಂತು, ಅದೂ ಏಳುನೂರು ಪುಟ ದಾಟಿದ ಆಧುನಿಕೋತ್ತರ ಕಾದಂಬರಿ. 1974ರ ಪುಲಿಟ್ಜರ್ ಬಹುಮಾನಕ್ಕೆ ಮೂವರು ತೀರ್ಪುಗಾರರು ಒಮ್ಮತದಿಂದ ಅದನ್ನೇ ಶಿಫಾರಸು ಮಾಡಿದರು. ಮೇಲಿನ ಮಂಡಳಿ, ಇದು ಓದಲಾಗದ ಪುಸ್ತಕ, ಅಶ್ಲೀಲ ಅಂತ ತಳ್ಳಿಹಾಕಿತು. ಆ ವರ್ಷ ಕಾದಂಬರಿಗೆ ಬಹುಮಾನವೇ ಇಲ್ಲ! ಓದಲಾಗದ್ದು ಅನ್ನೋದು ವಿಚಿತ್ರ ಆರೋಪ. ಮೂರು ಜನ ಓದಿ ಶಿಫಾರಸು ಮಾಡಿದ ಪುಸ್ತಕ ಓದಲಾಗದ್ದು ಹೇಗಾಗುತ್ತೆ? "ನನಗೆ ಓದೋಕೆ ಆಗಲಿಲ್ಲ" ಅನ್ನೋದು ಮರ್ಯಾದೆಯ ಮಾತು. "ಓದೋಕೆ ಆಗೋದಿಲ್ಲ" ಅನ್ನೋದು ತನ್ನ ಅನುಭವವನ್ನ ಲೋಕದ ನಿಯಮ ಮಾಡೋ ಮಾತು.

"ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕಲ್ವಾ, ಇಡೀ ಹಂಡೆ ಯಾಕೆ ಖಾಲಿ ಮಾಡ್ಬೇಕು?" ಅಂತ ನೀವು ಕೇಳಬಹುದು. ಒಂದೇ ಹಂಡೆಯ ಅನ್ನಕ್ಕೆ ಆ ಮಾತು ಸರಿ. ಈ ಕಾದಂಬರಿ ಮದುವೆಮನೆ ಊಟ. ಹುಳಿಗೆ ಉಪ್ಪು ಜಾಸ್ತಿ ಆಯ್ತು ಅಂತ ಪಾಯಸಕ್ಕೆ ಅಂಕ ಕೊಡೋಕಾಗೋದಿಲ್ಲ. ಇನ್ನೂರನೇ ಪುಟಕ್ಕೆ ಎದ್ದುಹೋದವನು ಇನ್ನೂರು ಪುಟದ ಬಗ್ಗೆ ಧಾರಾಳವಾಗಿ ಮಾತಾಡಲಿ, ಅದು ಅವನ ಹಕ್ಕು. ಬಡಿಸದ ಎಲೆಯ ಬಗ್ಗೆ ಮಾತು ಬೇಡ.

ಹಾಗಾದರೆ ಉದ್ದ ಬೇಕಿತ್ತಾ? ಇಲ್ಲಿ ಎರಡೂ ಪಾಳಯದವರು ತಪ್ಪು ಪ್ರಶ್ನೆ ಕೇಳ್ತಿದ್ದಾರೆ ಅನ್ನಿಸುತ್ತೆ. ಕೇಳಬೇಕಾದ್ದು: ಈ ಜಾಗದಲ್ಲಿ ಉದ್ದ ಏನು ಕೆಲಸ ಮಾಡ್ತಿದೆ?

ಡಾನ್ ಗೇಟ್ಲಿಯನ್ನೇ ತಗೊಳ್ಳಿ. ತನ್ನ ಮನೆಯ ಜನರನ್ನ ಕಾಪಾಡೋಕೆ ಹೋಗಿ ಗುಂಡೇಟು ತಿಂದು ಆಸ್ಪತ್ರೆ ಸೇರ್ತಾನೆ. ಭಯಂಕರ ನೋವು. ಡಾಕ್ಟರು ಕೊಡ್ತೀನಿ ಅನ್ನೋ ಔಷಧಿ ಅವನು ಬಿಟ್ಟಿರೋ ಅದೇ ಜಾತಿಯ ಮಾದಕ. ಬೇಡ ಅಂತಾನೆ. ಗಂಟಲಲ್ಲಿ ಕೊಳವೆ, ಮಾತಾಡೋಕೂ ಆಗೋದಿಲ್ಲ. ನೋಡೋಕೆ ಬಂದವರೆಲ್ಲ ಅವನ ಮುಂದೆ ತಮ್ಮ ತಮ್ಮ ಕಷ್ಟ ಸುರಿದು ಹೋಗ್ತಾರೆ. ಪುಸ್ತಕದ ಕೊನೆಯ ಭಾಗದಲ್ಲಿ ಪುಟಗಟ್ಟಲೆ ಇದೇ. ಇದನ್ನ ಹತ್ತು ಪುಟದಲ್ಲಿ ಬರೆದಿದ್ದರೆ ಒಬ್ಬ ಶೂರನ ಕಥೆ ಆಗ್ತಿತ್ತು, ಕಣ್ಣೀರು ಒರೆಸಿಕೊಂಡು ಮುಂದೆ ಹೋಗ್ತಿದ್ವಿ. ಉದ್ದಕ್ಕೆ ಬರೆದದ್ದರಿಂದ ಗೊತ್ತಾಗೋದೇ ಬೇರೆ: ನೋವನ್ನ ಒಂದು ಕ್ಷಣ ತಡೆಯೋಕೆ ಯಾರಿಗೂ ಆಗುತ್ತೆ, ಮುಂದಿನ ಕ್ಷಣವೂ ಇದೆ ಅನ್ನೋ ಯೋಚನೆಯನ್ನ ತಡೆಯೋದೇ ಕಷ್ಟ. ಓದುಗನಿಗೂ ಆ ಕಾಲ ಸರಿಯೋದಿಲ್ಲ. ಇಲ್ಲಿ ಉದ್ದವೇ ಅರ್ಥ.

ಕೇಟ್ ಗಾಂಪರ್ಟ್ ಅನ್ನೋ ಹೆಣ್ಣುಮಗಳ ಖಿನ್ನತೆಯ ಭಾಗಗಳೂ ಹಾಗೇ. ಬೆಂಕಿ ಬಿದ್ದ ಕಟ್ಟಡದ ಕಿಟಕಿಯಿಂದ ಹಾರೋ ಮನುಷ್ಯನಿಗೆ ಎತ್ತರದ ಭಯ ನಮಗಿಂತ ಕಮ್ಮಿ ಏನಿಲ್ಲ, ಹಿಂದಿನ ಬೆಂಕಿಯ ಭಯ ಅದಕ್ಕಿಂತ ದೊಡ್ಡದು, ಅಷ್ಟೇ. ಕೆಳಗೆ ನಿಂತು "ಹಾರಬೇಡ" ಅನ್ನೋರಿಗೆ ಆ ಬೆಂಕಿ ಕಾಣೋದಿಲ್ಲ. ಆತ್ಮಹತ್ಯೆಯನ್ನ ಹೇಡಿತನ ಅಂತ ಇನ್ನೂ ಕರೀತಿರೋ ಲೋಕಕ್ಕೆ ಈ ಭಾಗವೊಂದೇ ಸಾಕು. 2008ರ ಸೆಪ್ಟೆಂಬರಿನಲ್ಲಿ ವಾಲೇಸ್ ತಾನೇ ಹಾಗೆ ಹೋದ, 46ನೇ ವಯಸ್ಸಿಗೆ. ಆದರೆ ಅವನ ಸಾವಿನ ನೆರಳಲ್ಲಿ ಪುಸ್ತಕಕ್ಕೆ ಪೂಜೆ ಮಾಡೋದೂ ನನಗೆ ಒಪ್ಪಿಗೆ ಇಲ್ಲ. ಆ ಪುಟಗಳು 1996ರಲ್ಲೂ ಅಷ್ಟೇ ಸತ್ಯವಾಗಿದ್ದವು.

ಈಗ ಇನ್ನೊಂದು ಮಗ್ಗಲು. ಕ್ವಿಬೆಕ್ ಪ್ರತ್ಯೇಕತಾವಾದಿ ಮರಾತ್ ಮತ್ತು ಅಮೆರಿಕನ್ ಗೂಢಚಾರ ಸ್ಟೀಪ್ಲಿ ಬೆಟ್ಟದ ಮೇಲೆ ಕೂತು ಸ್ವಾತಂತ್ರ್ಯ ಅಂದ್ರೇನು, ಸುಖ ಅಂದ್ರೇನು ಅಂತ ರಾತ್ರಿಯಿಡೀ ಮಾತಾಡ್ತಾರೆ. ಮೊದಲ ಎರಡು ಸಲ ಚೆನ್ನಾಗಿದೆ. ಆಮೇಲೆ ಅದೇ ವಾದ, ಅದೇ ಬೆಟ್ಟ, ಅದೇ ಕತ್ತಲೆ. ಇಲ್ಲಿ ಉದ್ದ ಬರೀ ಉದ್ದ. ಶುರುವಿನಲ್ಲೇ ಕಪ್ಪು ಜನಾಂಗದ ಹುಡುಗಿಯೊಬ್ಬಳ ಆಡುಮಾತಲ್ಲಿ ಬರೆದ ಭಾಗ ಇದೆ, ವಾರ್ಡೀನ್ ಪ್ರಸಂಗ. ಓದಿದರೆ ಮುಜುಗರ ಆಗುತ್ತೆ. ತನ್ನದಲ್ಲದ ಮಾತಿನ ವೇಷ ಹಾಕಿ ಸೋತ ಬರಹ. ಹೆಂಗಸರ ಪಾತ್ರಗಳಲ್ಲಿ ಗಂಡಸರಿಗೆ ಸಿಕ್ಕಿದಷ್ಟು ಒಳಗು ಸಿಕ್ಕಿರೋದು ಕೇಟ್, ಜೋಯೆಲ್ ಅಂಥ ಒಬ್ಬಿಬ್ಬರಿಗೆ ಮಾತ್ರ. ಕೊನೆ ಅಂತೂ ಕೈಕೊಡುತ್ತೆ. ಕಾಲದ ಲೆಕ್ಕದಲ್ಲಿ ಕಥೆಯ ಕಟ್ಟಕಡೆಯ ಘಟನೆ ಪುಸ್ತಕದ ಮೊದಲ ಅಧ್ಯಾಯದಲ್ಲೇ ಇದೆ, ನಡುವೆ ಏನಾಯ್ತು ಅನ್ನೋದನ್ನ ನೀವೇ ಜೋಡಿಸಿಕೊಳ್ಳಬೇಕು. ಇದನ್ನ ಜಾಣತನ ಅನ್ನೋರು ಇದ್ದಾರೆ. ಸಾವಿರ ಪುಟ ನಡೆಸಿಕೊಂಡು ಬಂದು ಬಾಗಿಲಲ್ಲಿ ಬಿಟ್ಟುಹೋಗೋದನ್ನ ನಾನು ಜಾಣತನ ಅನ್ನೋದಿಲ್ಲ.

ಟಿಪ್ಪಣಿಗಳ ವಿಷಯವೂ ಅಷ್ಟೇ, ಇಡಿಯಾಗಿ ಹೊಗಳೋಕೂ ಆಗೋದಿಲ್ಲ, ತೆಗಳೋಕೂ ಆಗೋದಿಲ್ಲ. ಎರಡು ಬುಕ್‌ಮಾರ್ಕ್ ಇಟ್ಟುಕೊಂಡು ಹಿಂದೆ ಮುಂದೆ ಓಡಾಡಬೇಕು. ಕೆಲವಕ್ಕೆ ಹೋದರೆ ಔಷಧಿಯ ರಾಸಾಯನಿಕ ಹೆಸರು ಮಾತ್ರ ಇರುತ್ತೆ, ಸಿಟ್ಟು ಬರುತ್ತೆ. ಆದರೆ 24ನೇ ಟಿಪ್ಪಣಿ ನೋಡಿ: ಆ ಮಾರಕ ಸಿನಿಮಾ ಮಾಡಿದ ನಿರ್ದೇಶಕನ ಎಲ್ಲ ಚಿತ್ರಗಳ ಪಟ್ಟಿ. ಮೇಲ್ನೋಟಕ್ಕೆ ಒಣ ಪಟ್ಟಿ, ಒಳಗೆ ಒಬ್ಬ ಅಪ್ಪನ ಇಡೀ ಸಂಸಾರದ ದುಃಖ ಇದೆ. ಅದನ್ನ ಹಾರಿಸಿದವರು ಅರ್ಧ ಕಥೆ ಹಾರಿಸಿದ ಹಾಗೆ.

ಇನ್ನು ಮೂರನೇ ಗುಂಪು. ಇವರು ಹಿಡಿದವರ ಮುಖ ನೋಡಿ ಪುಸ್ತಕಕ್ಕೆ ಅಂಕ ಕೊಡೋರು. ಈಚಿನ ವರ್ಷಗಳಲ್ಲಿ ಇವರದೇ ದೊಡ್ಡ ದನಿ. ಈ ಪುಸ್ತಕ ಕಪಾಟಲ್ಲಿಟ್ಟ ಗಂಡಸು ಎಂಥವನು, ಹುಡುಗಿಯರಿಗೆ ಇದನ್ನ ಓದು ಅಂತ ಗಂಟುಬೀಳೋ ಹುಡುಗ ಎಷ್ಟು ಅಹಂಕಾರಿ ಅಂತ ತಮಾಷೆ, ಲೇಖನ ಎಲ್ಲ ಬಂದಿವೆ. ಅಂಥ ಹುಡುಗರು ಇಲ್ಲ ಅಂತ ನಾನು ಹೇಳೋದಿಲ್ಲ, ಮೊದಲ ಗುಂಪಿನಲ್ಲಿ ಬೇಕಾದಷ್ಟು ಸಿಗ್ತಾರೆ. ಆದರೆ ಓದುಗ ಕೆಟ್ಟವನು ಅಂತ ಪುಸ್ತಕ ಕೆಟ್ಟದಾಗುತ್ತಾ? ಹಾಗಾದರೆ ಲೋಕದಲ್ಲಿ ಉಳಿಯೋ ಪುಸ್ತಕ ಯಾವುದು?

ಈ ಗುಂಪಿನಲ್ಲಿ ಗಂಭೀರವಾಗಿ ಉತ್ತರ ಕೊಡಬೇಕಾದವರು ಏಮಿ ಹಂಗರ್‌ಫರ್ಡ್. ಯೇಲ್‌ನಲ್ಲಿ ಸಾಹಿತ್ಯ ಪಾಠ ಮಾಡ್ತಿದ್ದ ಇವರು 2016ರ ತಮ್ಮ ಪುಸ್ತಕದಲ್ಲಿ, ನಾನು ಈ ಕಾದಂಬರಿಯನ್ನ ಯಾಕೆ ಓದೋದಿಲ್ಲ ಅಂತ ಒಂದು ಅಧ್ಯಾಯವನ್ನೇ ಬರೆದರು. ಆಯುಷ್ಯ ಚಿಕ್ಕದು, ಪುಸ್ತಕ ಲೆಕ್ಕವಿಲ್ಲದಷ್ಟು. ಯಾವುದನ್ನ ಓದಲೇಬೇಕು ಅಂತ ತೀರ್ಮಾನ ಮಾಡೋದರಲ್ಲಿ ಪ್ರಕಾಶಕರ ಪ್ರಚಾರದ ಪಾಲು ದೊಡ್ಡದು. ಮೇಲಾಗಿ ಹೆಂಗಸರ ಬಗ್ಗೆ ವಾಲೇಸನ ಧೋರಣೆ ಸರಿಯಿಲ್ಲ. ಇದು ಅವರ ವಾದದ ತಿರುಳು. ಕೊನೆಯ ಮಾತು ಗಾಳಿಮಾತಲ್ಲ. ಕವಿ, ಲೇಖಕಿ ಮೇರಿ ಕಾರ್ ಜೊತೆ ಅವನು ನಡೆದುಕೊಂಡ ರೀತಿ 2012ರಲ್ಲಿ ಬಂದ ಅವನ ಜೀವನಚರಿತ್ರೆಯಲ್ಲೇ ಇದೆ. 2018ರಲ್ಲಿ ಕಾರ್ ಅವರೇ ಅದನ್ನ ಮತ್ತೆ ಎತ್ತಿ, ಅಲ್ಲಿ ಬರೆದದ್ದು ನಡೆದದ್ದರ ಒಂದು ಪಾಲು ಮಾತ್ರ ಅಂದರು. ಇದನ್ನ "ದೊಡ್ಡ ಲೇಖಕ, ಬಿಡಿ" ಅಂತ ಒರೆಸಿಹಾಕೋರ ಜೊತೆ ನಾನಿಲ್ಲ.

ಆದ್ದರಿಂದ "ನಾನು ಓದೋದಿಲ್ಲ" ಅಂತ ಹಂಗರ್‌ಫರ್ಡ್ ಅಂದರೆ ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಯಾರೂ ಯಾರಿಗೂ ಒಂದು ತಿಂಗಳ ಆಯುಷ್ಯ ಬಾಕಿ ಇಟ್ಟಿಲ್ಲ. ಆದರೆ ಓದದಿರೋ ಹಕ್ಕಿನ ಜೊತೆ ತೀರ್ಪಿನ ಹಕ್ಕು ಉಚಿತವಾಗಿ ಬರೋದಿಲ್ಲ. "ಈ ಮನುಷ್ಯ ಹೀಗೆ ಮಾಡಿದ, ಅದಕ್ಕೆ ನಾನು ಅವನ ಪುಸ್ತಕ ಮುಟ್ಟೋದಿಲ್ಲ" ಅನ್ನೋದು ಒಂದು ನೈತಿಕ ನಿಲುವು. "ಅದಕ್ಕೇ ಆ ಪುಸ್ತಕದಲ್ಲಿ ಏನೂ ಇಲ್ಲ" ಅನ್ನೋದು ಗೊತ್ತಿಲ್ಲದ ವಿಷಯದ ಬಗ್ಗೆ ಸಾಕ್ಷಿ ಹೇಳಿದ ಹಾಗೆ. ಎರಡೂ ಒಂದೇ ಅಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಕೂತು ಯಾಕೆ ಬರೀತಿದೀಯಪ್ಪಾ ಅಂತೀರಾ? ಈ ಕಾಯಿಲೆ ನಮಗೂ ಚೆನ್ನಾಗಿ ಗೊತ್ತು, ಅದಕ್ಕೆ. ಪುಸ್ತಕ ತೆರೆಯೋಕೆ ಮುಂಚೆ "ಇವರು ಯಾರ ಕಡೆಯವರು?" ಅಂತ ಕೇಳೋ ಅಭ್ಯಾಸ ನಮ್ಮದು. 2007ರಲ್ಲಿ ಭೈರಪ್ಪನವರ "ಆವರಣ" ಬಂದಾಗ ಪರ ವಿರೋಧ ನಿಂತವರಲ್ಲಿ ಓದಿ ನಿಂತವರೆಷ್ಟು, ನಿಂತ ಮೇಲೆ ಓದಿದವರೆಷ್ಟು? ನೀವೇ ಎದೆ ಮುಟ್ಟಿಕೊಂಡು ಹೇಳಿ. ಒಂದು ಪುಸ್ತಕ ಬಾವುಟ ಆದ ಮೇಲೆ ಅದರೊಳಗಿನ ವಾಕ್ಯಗಳಿಗೆ ಬೆಲೆ ಇಲ್ಲ. ಬಾವುಟವನ್ನ ಯಾರೂ ಓದೋದಿಲ್ಲ, ಹಾರಿಸ್ತಾರೆ ಇಲ್ಲವೇ ಸುಡ್ತಾರೆ.

"ಇನ್ಫೈನೈಟ್ ಜೆಸ್ಟ್" ವಿಷಯದಲ್ಲಿ ಇದು ಇನ್ನೂ ಬೇಸರದ ಸಂಗತಿ. ಯಾಕಂದ್ರೆ ಈ ಜಗಳಕ್ಕೆ ಉತ್ತರ ಆ ಪುಸ್ತಕದೊಳಗೇ ಇದೆ. ಕುಡಿತ ಬಿಟ್ಟವರ ಸಭೆಗಳ ದೃಶ್ಯಗಳು ಅದರಲ್ಲಿ ಮತ್ತೆ ಮತ್ತೆ ಬರ್ತವೆ. ಅಲ್ಲಿ ಒಂದು ಕಟ್ಟಲೆ: ಎದುರಿಗೆ ನಿಂತು ತನ್ನ ಕಥೆ ಹೇಳ್ತಿರೋನ ಜೊತೆ ನಿನ್ನನ್ನ ಹೋಲಿಸಿಕೊಳ್ಳಬೇಡ, ಅವನಲ್ಲಿ ನಿನ್ನನ್ನ ಗುರುತಿಸಿಕೋ. ಅವನು ನಿನಗಿಂತ ದಡ್ಡ, ಅವನ ಮಾತು ಸವಕಲು, ನಾನು ಅವನಷ್ಟು ಕೆಟ್ಟಿಲ್ಲ ಅಂತ ಲೆಕ್ಕ ಹಾಕೋಕೆ ಶುರು ಮಾಡಿದ ಕ್ಷಣ ನೀನು ಕೇಳಿಸಿಕೊಳ್ಳೋದು ನಿಲ್ಲಿಸಿದೆ ಅಂತ ಅರ್ಥ. ಗೇಟ್ಲಿಗೆ ಆ ಸವಕಲು ಮಾತುಗಳು ಮೊದಲು ನಗೆ ತರಿಸ್ತವೆ. ಆಮೇಲೆ ಅವೇ ಜೀವ ಉಳಿಸ್ತವೆ. ಯಾಕೆ ಕೆಲಸ ಮಾಡ್ತವೆ ಅಂತ ಅವನಿಗೂ ಗೊತ್ತಿಲ್ಲ. ಇಷ್ಟನ್ನ ಹೇಳೋಕೆ ಸಾವಿರ ಪುಟ ತಗೊಂಡ ಪುಸ್ತಕದ ಬಗ್ಗೆ ಮೂರೂ ಗುಂಪಿನವರು ಮಾಡಿದ್ದು ಅದೇ ಹೋಲಿಕೆ: ನನ್ನ ದಮ್ಮು ದೊಡ್ಡದು, ನನ್ನ ರುಚಿ ದೊಡ್ಡದು, ನನ್ನ ನಡತೆ ದೊಡ್ಡದು.

ನನ್ನ ಓದಿನ ಲೆಕ್ಕ ಕೊಡ್ತೀನಿ, ನ್ಯಾಯವಾಗಿ ಕೊಡಲೇಬೇಕು. ಪೂರ್ತಿ ಓದಿದ್ದೇನೆ, ಟಿಪ್ಪಣಿ ಸಮೇತ. ನನ್ನ ಅಂದಾಜಿನಲ್ಲಿ ಮುನ್ನೂರು ಪುಟ ಇಲ್ಲದಿದ್ದರೂ ನಡೀತಿತ್ತು. ಉಳಿದದ್ದರಲ್ಲಿ ಗೇಟ್ಲಿ, ಕೇಟ್, ಸಭೆಯ ದೃಶ್ಯಗಳು, ವಿಡಿಯೋ ಫೋನಿನ ವಿಡಂಬನೆ ಇವುಗಳ ಮಟ್ಟಕ್ಕೆ ಆ ಕಾಲದ ಇಂಗ್ಲಿಷಿನಲ್ಲಿ ಹೆಚ್ಚು ಕಾದಂಬರಿ ನಾನು ಕಂಡಿಲ್ಲ. ಜನ ವಿಡಿಯೋ ಕರೆಯಲ್ಲಿ ತಮ್ಮ ಮುಖ ತಾವೇ ನೋಡಲಾರದೆ ಮುಖವಾಡ ಹಾಕಿಕೊಂಡು, ಕೊನೆಗೆ ಹಳೇ ಫೋನಿಗೇ ಮರಳ್ತಾರೆ ಅಂತ 1996ರಲ್ಲೇ ಬರೆದಿದ್ದಾನೆ. ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂರೋ ನಮಗೆ ಬೇರೆ ವಿವರಣೆ ಬೇಕಾ?

ಹಾಗಾಗಿ ಇದು ಮಹಾಕೃತಿಯೂ ಹೌದು, ಕೆಟ್ಟ ಭಾಗಗಳಿರೋ ಕೃತಿಯೂ ಹೌದು. ಇದು ನಡುದಾರಿ ಹಿಡಿದು ಜಾರಿಕೊಳ್ಳೋ ಮಾತಲ್ಲ. ಯಾವ ಭಾಗ ಯಾಕೆ ಅಂತ ಮೇಲೆ ಹೇಳಿದ್ದೇನೆ, ಆ ಮಾತುಗಳ ಮೇಲೆ ನನ್ನನ್ನ ಹಿಡೀರಿ.

ಕನ್ನಡದಲ್ಲಿ ಪುಸ್ತಕಗಳ ಬಗ್ಗೆ ಬರೆಯೋ ಗೆಳೆಯ ಗೆಳತಿಯರಲ್ಲಿ ನನ್ನದು ಮೂರು ಬೇಡಿಕೆ. ಒಂದು, ಎಷ್ಟು ಓದಿದ್ರಿ ಅಂತ ಮೊದಲ ಸಾಲಲ್ಲೇ ಬರೀರಿ. ಎರಡು, ಹೊಗಳಿ ತೆಗಳಿ, ಆದರೆ ಯಾವ ಪ್ರಸಂಗ ಅಂತ ಬೊಟ್ಟು ಮಾಡಿ. ಮೂರು, ಅದನ್ನ ಯಾರು ಓದ್ತಾರೆ ಅನ್ನೋದನ್ನ ಪಕ್ಕಕ್ಕಿಡಿ. ಇದು ಈ ಅಮೆರಿಕನ್ ಇಟ್ಟಿಗೆಗೂ ಆಯ್ತು, ನಾಳೆ ನಮ್ಮಲ್ಲೇ ಬರೋ ಯಾವುದೋ ಕಾದಂಬರಿಗೂ ಆಯ್ತು.

ಇನ್ನೂ ಓದಿಲ್ಲದವರಿಗೆ: ಎರ್ಡೆಡಿ ಅನ್ನೋನು ಗಾಂಜಾ ತರೋ ಹೆಂಗಸಿಗೆ ಕಾಯ್ತಾ ಕೂತಿರೋ ಎರಡನೇ ಅಧ್ಯಾಯ ಓದಿ ನೋಡಿ. ಫೋನು ಹತ್ತಿರ ಇಟ್ಟುಕೊಂಡು ಏನನ್ನೋ ಕಾಯೋದು ನಮಗೆಲ್ಲ ಗೊತ್ತಿರೋದೇ. ಅದು ಹಿಡಿಸದಿದ್ದರೆ ಪುಸ್ತಕ ಮುಚ್ಚಿಡಿ, ಪಾಪ ಏನೂ ಇಲ್ಲ. ಹಿಡಿಸಿದರೆ ಇನ್ನೊಂದು ಬುಕ್‌ಮಾರ್ಕ್ ಹುಡುಕಿಕೊಳ್ಳಿ.

ಪೂರ್ತಿ ಓದಿ, ನಾನು ಹೇಳಿದ್ದೆಲ್ಲ ತಲೆಹರಟೆ ಅನ್ನಿಸಿದರೆ ಕೆಳಗೆ ಬಂದು ಧಾರಾಳವಾಗಿ ಬಯ್ಯಿರಿ. ಪುಟದ ಸಂಖ್ಯೆ ಸಮೇತ :-)